ಬೆನ್ನಿನ ನೀರಿನ ಪರೀಕ್ಷೆಗೆ ಹೊರಡುವ ಮುನ್ನ: ಮರೆವಿನ ಕಾಯಿಲೆಯ ಮನೆಯವರಿಗೆ

‘ಅಮ್ಮನಿಗೆ ಬೆನ್ನಿನ ನೀರು ತೆಗೆಸಬೇಕಂತೆ. ಶಿವಮೊಗ್ಗದಲ್ಲೇ ಆಗುತ್ತದೆಯೇ? ಬೆಂಗಳೂರಿಗೇ ಹೋಗಬೇಕೆ? ಕಾಲಿನ ಸ್ವಾಧೀನ ಹೋಗುವುದಿಲ್ಲ ತಾನೆ?’

ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪದ ಕಡೆಯ ಓದುಗರು ತಿರುಗಿ ತಿರುಗಿ ಕೇಳುವುದು ಈ ಮೂರು ಪ್ರಶ್ನೆಗಳನ್ನೇ. ಒಬ್ಬೊಬ್ಬರಿಗೂ ಫೋನಿನಲ್ಲಿ ವಿವರಿಸುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ವೈದ್ಯನಲ್ಲ. ಲ್ಯಾಬಿನ ಮೇಜಿನ ಹಿಂದೆ ನಿಂತೇ ಕೂದಲು ಹಣ್ಣಾದವನು. ಹಾಗಾಗಿ ನಿಮಗೆ ಸೂಜಿಯ ಭಯವಿದ್ದರೆ ನನಗೆ ಆ ನೀರು ತುಂಬುವ ಕೊಳವೆಯ ಭಯ. ಈ ಪರೀಕ್ಷೆ ಯಂತ್ರದೊಳಗೆ ಕೆಡುವುದಕ್ಕಿಂತ ಯಂತ್ರವನ್ನು ತಲುಪುವ ದಾರಿಯಲ್ಲಿ ಕೆಡುವುದೇ ಹೆಚ್ಚು. ಮಲೆನಾಡಿನಲ್ಲಿ ಆ ದಾರಿ ಇನ್ನಷ್ಟು ಉದ್ದ.

ಮೂರನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಯಾರೂ ನೆಮ್ಮದಿಯಿಂದ ಓದುವುದಿಲ್ಲ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲನೆಯ ಅಥವಾ ಎರಡನೆಯ ಕಶೇರುವಿನ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕನೆಯ ಅಥವಾ ನಾಲ್ಕು-ಐದನೆಯ ಕಶೇರುಗಳ ನಡುವೆ. ಅಲ್ಲಿರುವುದು ನೀರು ಮತ್ತು ಅದರಲ್ಲಿ ತೇಲುವ ನರದ ಎಳೆಗಳು. ಚುಚ್ಚಿಕೊಳ್ಳಲು ಹುರಿಯೇ ಅಲ್ಲಿಲ್ಲ. ‘ನೀರು ತೆಗೆದರೆ ಒಣಗಿಹೋಗುತ್ತಾರೆ’ ಎಂಬ ಮಾತೂ ಹಾಗೆಯೇ. ದೇಹದಲ್ಲಿ ಈ ದ್ರವ ಸುಮಾರು 150 ಮಿಲಿಲೀಟರ್ ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಉತ್ಪತ್ತಿಯಾಗುತ್ತದೆ. ಪರೀಕ್ಷೆಗೆ ತೆಗೆಯುವ ಹತ್ತು-ಹದಿನೈದು ಮಿಲಿಲೀಟರ್ ಒಂದು ಗಂಟೆಯೊಳಗೆ ತುಂಬಿಕೊಳ್ಳುತ್ತದೆ.

ಆ ನೀರಿನಲ್ಲಿ ಹುಡುಕುವುದೇನನ್ನು?

ಮೆದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ತಿಳಿನೀರಿಗೆ ವೈದ್ಯರು ಸಿಎಸ್‌ಎಫ್ ಎನ್ನುತ್ತಾರೆ, ತೆಗೆಯುವ ಕ್ರಮಕ್ಕೆ ಎಲ್‌ಪಿ. ಮೆದುಳಿನಲ್ಲಿ ನಡೆಯುತ್ತಿರುವುದರ ಕುರುಹುಗಳು ಇದರಲ್ಲಿ ಕರಗಿರುತ್ತವೆ. ಆ ಕುರುಹುಗಳೇ ಬಯೋಮಾರ್ಕರ್, ಅಂದರೆ ಜೈವಿಕ ಸೂಚಕಗಳು. ಮುಖ್ಯವಾದವು ಇವು.

ಅಮಿಲಾಯ್ಡ್ ಬೀಟಾ 42: ಆಲ್‌ಝೈಮರ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಗಡ್ಡೆಗಟ್ಟುವ ಪ್ರೋಟೀನ್. ಓದುಗರು ಎಡವುವುದು ಇಲ್ಲೇ. ಕಾಯಿಲೆ ಇದ್ದರೆ ಈ ಸಂಖ್ಯೆ ಏರುವುದಿಲ್ಲ, ಇಳಿಯುತ್ತದೆ. ಹಳ್ಳಕ್ಕೆ ಕಟ್ಟ ಹಾಕಿದಾಗ ಮಣ್ಣೆಲ್ಲ ಮೇಲೆಯೇ ನಿಂತು, ಕೆಳಗೆ ತಿಳಿನೀರು ಹರಿಯುತ್ತದಲ್ಲ, ಹಾಗೆ. ಮೆದುಳಿನಲ್ಲಿ ಅಮಿಲಾಯ್ಡ್ ಕಟ್ಟಿಕೊಂಡಷ್ಟೂ ಬೆನ್ನಿನ ನೀರಿಗೆ ಬರುವುದು ಕಡಿಮೆ.

ಅಮಿಲಾಯ್ಡ್ ಬೀಟಾ 40: ಇದು ಹೋಲಿಕೆಗೆ ಬೇಕು. ಕೆಲವರ ದೇಹ ಅಮಿಲಾಯ್ಡನ್ನು ಹುಟ್ಟಿನಿಂದಲೇ ಹೆಚ್ಚು ತಯಾರಿಸುತ್ತದೆ, ಕೆಲವರದು ಕಡಿಮೆ. 42ನ್ನು 40ರಿಂದ ಭಾಗಿಸಿದರೆ ಆ ವ್ಯತ್ಯಾಸ ಬಹುಮಟ್ಟಿಗೆ ಕಳೆದುಹೋಗುತ್ತದೆ. ಹಾಗಾಗಿ ಬರಿಯ 42ಕ್ಕಿಂತ ಈ ಅನುಪಾತವೇ ನಂಬಿಕಸ್ಥ.

ಪಿ-ಟೌ: ನರಕೋಶದೊಳಗಿನ ಟೌ ಪ್ರೋಟೀನಿಗೆ ಫಾಸ್ಫೇಟ್ ಅಂಟಿಕೊಂಡ ರೂಪ. ಅಂಟಿದ ಜಾಗವನ್ನು 181, 217 ಎಂಬ ಸಂಖ್ಯೆಗಳು ಸೂಚಿಸುತ್ತವೆ. ಆಲ್‌ಝೈಮರ್‌ನಲ್ಲಿ ಇದು ಏರುತ್ತದೆ.

ಒಟ್ಟು ಟೌ ಮತ್ತು ಎನ್‌ಎಫ್‌ಎಲ್: ಎನ್‌ಎಫ್‌ಎಲ್ ಎಂದರೆ ನರತಂತುವಿನ ಒಳಗಟ್ಟಿನ ಒಂದು ಎಳೆ. ಹಳೆಯ ಮನೆಯಲ್ಲಿ ಜಂತಿಯಿಂದ ಹುಡಿ ಉದುರುತ್ತಿದ್ದರೆ ಮರವನ್ನು ಏನೋ ತಿನ್ನುತ್ತಿದೆ ಎಂದು ತಿಳಿಯುತ್ತದೆ, ಯಾವ ಹುಳ ಎಂದು ತಿಳಿಯುವುದಿಲ್ಲ. ಇವೆರಡೂ ಅಂಥ ಹುಡಿ. ಪಾರ್ಶ್ವವಾಯು, ತಲೆಗೆ ಪೆಟ್ಟು, ಮುಂಮೆದುಳಿನ ಸವಕಳಿ, ಎಎಲ್‌ಎಸ್‌ನಂಥ ನರರೋಗ ಎಲ್ಲದರಲ್ಲೂ ಏರಬಹುದು. ಒಟ್ಟು ಟೌ ವಿಪರೀತ ಏರಿದ್ದು, ವಾರಗಳಲ್ಲಿ ರೋಗಿ ಕುಸಿಯುತ್ತಿದ್ದರೆ ವೈದ್ಯರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಅಪರೂಪದ ಕಾಯಿಲೆಯ ದಿಕ್ಕಿನಲ್ಲಿ ಯೋಚಿಸುತ್ತಾರೆ.

ಹಂತ 1: ಪರೀಕ್ಷೆ ಬೇಕೇ ಎಂದು ಕೇಳಿ

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮಲ್ಲಿ ಎರಡು ಬಗೆಯ ಅನ್ಯಾಯ ಮಾಡಿದೆ. ಕೆಲವರು ಏನೂ ಮಾಡದೆ ಕೂರುತ್ತಾರೆ. ಇನ್ನು ಕೆಲವರು ನಾಲ್ಕು ಬಾರಿ ಕನ್ನಡಕ ಮರೆತದ್ದಕ್ಕೇ ಬೆನ್ನಿಗೆ ಸೂಜಿ ಹಾಕಿಸಲು ಹೊರಡುತ್ತಾರೆ.

ಸರಿಪಡಿಸಬಹುದಾದ ಮರೆವನ್ನು ಮೊದಲು ಬದಿಗಿಡಬೇಕು. ರಕ್ತದಲ್ಲಿ ವಿಟಮಿನ್ ಬಿ12 ಮತ್ತು ಥೈರಾಯ್ಡ್ ನೋಡಿಸಿ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಹೊಸದೇನಲ್ಲ. ಖಿನ್ನತೆ, ನಿದ್ರೆಯ ತೊಂದರೆ, ಕಿವಿ ಕೇಳದಿರುವುದು, ಕುಡಿತ, ನಿದ್ರೆಮಾತ್ರೆ, ಮೂತ್ರಕೋಶದ ಹಿಡಿತಕ್ಕೆ ಕೊಡುವ ಕೆಲವು ಮಾತ್ರೆಗಳು ಮರೆವಿನ ವೇಷ ತೊಟ್ಟು ಬರುತ್ತವೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ನಾಟಿ ಔಷಧಿಯನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಮುಂದೆ ಸುರಿಯಿರಿ. ಚೀಟಿಯಲ್ಲಿ ಬರೆದದ್ದಕ್ಕಿಂತ ಚೀಲ ನಿಜ ಹೇಳುತ್ತದೆ.

ಆಮೇಲೆ ನೆನಪಿನ ಪರೀಕ್ಷೆ. ಕನ್ನಡದಲ್ಲೇ ಮಾಡಬೇಕೆಂದು ಒತ್ತಾಯಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾ ಗುಚ್ಛ ಕನ್ನಡದಲ್ಲೂ ಇದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಗಡಿಯಾರದ ಚಿತ್ರ ಬಿಡಿಸಲು ಹೇಳಿ, ಬಿಡಿಸಲಿಲ್ಲವೆಂದು ಅಂಕ ಕಳೆಯುವುದು ಪರೀಕ್ಷೆಯ ತಪ್ಪು, ಅಜ್ಜಿಯದಲ್ಲ.

ಬೆನ್ನಿನ ನೀರಿನ ಪರೀಕ್ಷೆ ನಿಜಕ್ಕೂ ಉಪಯೋಗಕ್ಕೆ ಬರುವುದು ಮೂರು ಸಂದರ್ಭಗಳಲ್ಲಿ: 65ಕ್ಕಿಂತ ಮುಂಚೆ ಮರೆವು ಶುರುವಾಗಿದ್ದರೆ, ಮಾತು, ದೃಷ್ಟಿ ಅಥವಾ ನಡವಳಿಕೆ ಮೊದಲು ಕೆಟ್ಟು ಲಕ್ಷಣಗಳು ಗೊಂದಲವಾಗಿದ್ದರೆ, ಸೌಮ್ಯ ಮರೆವು ಕಾರಣ ತಿಳಿಯದೆ ಮುಂದುವರಿಯುತ್ತಿದ್ದರೆ. ಈಗ ನಾಲ್ಕನೆಯದೂ ಸೇರಿದೆ. ಅಮಿಲಾಯ್ಡನ್ನು ಮೆದುಳಿನಿಂದ ತೆಗೆಯುವ ಲೆಕಾನೆಮಾಬ್ 2023ರಲ್ಲಿ, ಡೊನಾನೆಮಾಬ್ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದವು. ಅಂಥ ಔಷಧಿ ಆರಂಭಿಸುವ ಮುನ್ನ ಮೆದುಳಿನಲ್ಲಿ ಅಮಿಲಾಯ್ಡ್ ಇದೆಯೆಂಬುದಕ್ಕೆ ಪುರಾವೆ ಬೇಕು. ಆರಂಭದ ಹಂತದ ರೋಗಿಗಳಿಗಷ್ಟೇ ಅವು. ಕಾಯಿಲೆಯ ಓಟವನ್ನು ನಿಧಾನಿಸುತ್ತವೆ, ಕಳೆದುಹೋದ ನೆನಪನ್ನು ತಂದುಕೊಡುವುದಿಲ್ಲ. ಮೆದುಳಿನಲ್ಲಿ ಊತ ಅಥವಾ ಸಣ್ಣ ರಕ್ತಸ್ರಾವ ಆಗಬಹುದಾದ್ದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕಾಗುತ್ತದೆ.

ಎಂಬತ್ತೈದು ದಾಟಿದ, ಎಂಟು ವರ್ಷದಿಂದ ಮರೆವಿರುವ, ಮಕ್ಕಳ ಗುರುತೂ ಹತ್ತದ ಹಿರಿಯರಿಗೆ ಈ ಪರೀಕ್ಷೆಯಿಂದ ಆರೈಕೆಯಲ್ಲಿ ಏನೂ ಬದಲಾಗದು. ಫಲಿತಾಂಶ ಹೇಗೇ ಬಂದರೂ ನಾಳೆ ನೀವು ಮಾಡುವುದು ಅದೇ ಕೆಲಸವಾದರೆ, ಸೂಜಿ ಬೇಡವೆನ್ನಲು ಹಿಂಜರಿಯಬೇಡಿ. ಲಕ್ಷಣವೇ ಇಲ್ಲದ ಮಕ್ಕಳು ‘ನಮಗೂ ನೋಡಿಬಿಡೋಣ’ ಎಂದು ಸಾಲು ನಿಲ್ಲುವುದೂ ಬೇಡ.

ಎಚ್ಚರಿಕೆ: ತಿಂಗಳುಗಟ್ಟಲೆ ನಿಧಾನವಾಗಿ ಬಂದ ಮರೆವಿನ ಮಾತು ಇದು. ಎರಡು ದಿನದಲ್ಲಿ ಗೊಂದಲ ಶುರುವಾದರೆ ಅದು ತುರ್ತು. ಬೇಸಿಗೆಯಲ್ಲಿ ಕಾಡಂಚಿನ ಊರಿನವರಿಗೆ ಜ್ವರ ಬಂದು, ಬಿಟ್ಟು, ಮತ್ತೆ ಜ್ವರದೊಂದಿಗೆ ತಲೆನೋವು, ನಡುಕ, ಗೊಂದಲ ಕಂಡರೆ ಮಂಗನ ಕಾಯಿಲೆಯನ್ನೂ ನೆನಪಿಸಿಕೊಳ್ಳಬೇಕು. 1957ರಲ್ಲಿ ಅದು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಾರಿ ಬಿದ್ದ ಕೆಲವು ವಾರಗಳ ಮೇಲೆ ಮಂಪರು ಕಂಡರೆ ತಲೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಇವರನ್ನು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಹಂತ 2: ಸ್ಕ್ಯಾನ್, ರಕ್ತ, ಮಾತ್ರೆ

ಸೂಜಿಗೆ ಮುನ್ನ ಮೆದುಳಿನ ಸಿಟಿ ಅಥವಾ ಎಂಆರ್‌ಐ ಆಗಿರಬೇಕು. ಒಳಗೆ ಗಡ್ಡೆಯಿದ್ದು ಒತ್ತಡ ಹೆಚ್ಚಿದ್ದರೆ ಕೆಳಗಿನಿಂದ ನೀರು ತೆಗೆಯುವುದು ಜೀವಕ್ಕೇ ಅಪಾಯ. ಪ್ಲೇಟ್‌ಲೆಟ್ ಎಣಿಕೆ ಮತ್ತು ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಐಎನ್‌ಆರ್ ಕೂಡ ಬೇಕು.

ವಾರ್ಫರಿನ್, ಡಾಬಿಗಟ್ರಾನ್, ರಿವರೋಕ್ಸಾಬಾನ್, ಕ್ಲೋಪಿಡೋಗ್ರೆಲ್ ಮುಂತಾದ ರಕ್ತ ತೆಳುವಾಗಿಸುವ ಮಾತ್ರೆಗಳಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ವಾರ್ಫರಿನ್ ಪ್ರಭಾವ ಇಳಿಯಲು ಸುಮಾರು ಐದು ದಿನ ಬೇಕು. ಹಿಂದಿನ ರಾತ್ರಿ ಹೇಳಿದರೆ ಬೆಂಗಳೂರಿಗೆ ಹೋದ ದಾರಿಗೆ ಸುಂಕವಿಲ್ಲ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಡುವುದು ಸೂಜಿಗಿಂತ ದೊಡ್ಡ ಅಪಾಯ. ಹೃದಯದ ವೈದ್ಯರು ಮತ್ತು ನರರೋಗ ವೈದ್ಯರು ಪರಸ್ಪರ ಮಾತಾಡಿ ತೀರ್ಮಾನಿಸಲಿ. ಆಸ್ಪಿರಿನ್ ಒಂದನ್ನೇ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಅದನ್ನು ನಿಲ್ಲಿಸಬೇಕಾಗಿಲ್ಲ.

ಸೊಂಟದ ಆ ಜಾಗದಲ್ಲಿ ಕುರು, ಗಾಯ, ಸರ್ಪಸುತ್ತು ಇದ್ದರೆ ಮುಂದೂಡಬೇಕು.

ಹಂತ 3: ಸೂಜಿ ಎಲ್ಲಿ, ಯಂತ್ರ ಎಲ್ಲಿ?

ಇವು ಎರಡು ಬೇರೆ ಪ್ರಶ್ನೆಗಳು. ನೀರು ತೆಗೆಯುವುದು ಬೋಧನಾ ಆಸ್ಪತ್ರೆಗಳಿಗೆ ಹೊಸದಲ್ಲ. ಮೆದುಳುಜ್ವರದ ತಪಾಸಣೆಗೆ ಅದನ್ನು ಮಾಡುತ್ತಲೇ ಇರುತ್ತಾರೆ. ಅಮಿಲಾಯ್ಡ್, ಟೌ ಅಳೆಯುವ ಯಂತ್ರ ಮಾತ್ರ ದೊಡ್ಡ ನಗರಗಳ ಕೆಲವೇ ಪ್ರಯೋಗಾಲಯಗಳಲ್ಲಿರುತ್ತದೆ. ಹಾಗಾಗಿ ನಿಮ್ಮ ಮುಂದಿರುವ ಆಯ್ಕೆ ಎರಡು: ರೋಗಿ ಪ್ರಯಾಣ ಮಾಡಬೇಕು, ಇಲ್ಲವೇ ಕೊಳವೆ ಪ್ರಯಾಣ ಮಾಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ನಡೆದಾಡುವ ಸ್ಥಿತಿಯಲ್ಲಿರುವ ರೋಗಿಯೇ ಪ್ರಯಾಣ ಮಾಡಲಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮರೆವಿನ ತಜ್ಞರೂ ಸಿಗುತ್ತಾರೆ, ನೆನಪಿನ ಪರೀಕ್ಷೆಯೂ ಆಗುತ್ತದೆ. ತಾಳಗುಪ್ಪ, ಸಾಗರ, ಶಿವಮೊಗ್ಗದಿಂದ ರಾತ್ರಿ ರೈಲಿದೆ. ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ಹತ್ತಿರ. ಎಲ್ಲಿಗೆ ಹೋದರೂ ಹೊರಡುವ ಮುನ್ನ ಫೋನ್ ಮಾಡಿ ಇಷ್ಟನ್ನು ಕೇಳಿ ಬರೆದುಕೊಳ್ಳಿ:

‘42, 40 ಎರಡನ್ನೂ ಅಳೆದು ಅನುಪಾತ ಕೊಡುತ್ತೀರಾ? ಪಿ-ಟೌ ಇದೆಯೇ? ಯಾವ ಯಂತ್ರ, ಯಾವ ವಿಧಾನ? ಮಾದರಿಗೆ ಯಾವ ಕೊಳವೆ ಬೇಕು, ಅದನ್ನು ನೀವೇ ಕೊಡುತ್ತೀರಾ? ಎಷ್ಟು ದಿನದಲ್ಲಿ ತಲುಪಬೇಕು, ಯಾವ ಉಷ್ಣಾಂಶದಲ್ಲಿ? ಒಟ್ಟು ಖರ್ಚೆಷ್ಟು?’

ಕೊಳವೆಯ ಪ್ರಶ್ನೆಗೆ ‘ಯಾವುದಾದರೂ ನಡೆಯುತ್ತದೆ’ ಎಂಬ ಉತ್ತರ ಬಂದರೆ ಫೋನಿಟ್ಟು ಬೇರೆ ಲ್ಯಾಬ್ ಹುಡುಕಿ.

ಹಂತ 4: ಆ ದಿನ

ಮೊದಲ ಮಾತು, ರೋಗಿಗೆ ಹೇಳದೆ ಕರೆದೊಯ್ಯಬೇಡಿ. ‘ಅಪ್ಪಯ್ಯ, ಬಿ.ಪಿ. ನೋಡಿಸಿಕೊಂಡು ಬರುವ’ ಎಂದು ಕರೆತಂದು ಮೇಜಿನ ಮೇಲೆ ಬೆನ್ನು ಬಗ್ಗಿಸಲು ಹೇಳಿದರೆ ಯಾರು ತಾನೆ ಸುಮ್ಮನಿರುತ್ತಾರೆ? ಮರೆವಿದ್ದವರಿಗೂ ಒಪ್ಪಿಗೆ ಕೊಡುವ, ಬೇಡವೆನ್ನುವ ಹಕ್ಕಿದೆ. ಚಿಕ್ಕ ಮಾತುಗಳಲ್ಲಿ, ಅಂದು ಬೆಳಿಗ್ಗೆ ಮತ್ತೊಮ್ಮೆ ಹೇಳಿ.

ಉಪವಾಸ ಬೇಡ. ಮಗ್ಗುಲಲ್ಲಿ ಮಂಡಿ ಮಡಚಿ ಮಲಗಿಸುತ್ತಾರೆ ಅಥವಾ ಮುಂದಕ್ಕೆ ಬಾಗಿ ಕೂರಿಸುತ್ತಾರೆ. ಮರಗಟ್ಟುವ ಚುಚ್ಚುಮದ್ದು ಉರಿಯುತ್ತದೆ, ಆಮೇಲೆ ಒತ್ತಿದಂತೆ ಅನ್ನಿಸುತ್ತದೆ. ಕಾಲಿಗೆ ಮಿಂಚು ಹೊಡೆದಂತಾದರೆ ತಕ್ಷಣ ಹೇಳಬೇಕು; ಸೂಜಿಯನ್ನು ಸ್ವಲ್ಪ ಸರಿಸುತ್ತಾರೆ. ಸವೆದ ಬೆನ್ನಿನ ಹಿರಿಯರಲ್ಲಿ ದಾರಿ ಸಿಗದೆ ಎರಡು ಮೂರು ಬಾರಿ ಪ್ರಯತ್ನಿಸಬೇಕಾಗಬಹುದು, ಎಕ್ಸ್-ರೇ ನೆರವೂ ಬೇಕಾದೀತು.

ಸೂಜಿಯ ಬಗ್ಗೆ ಒಂದು ಪ್ರಶ್ನೆ ಕೇಳುವ ಧೈರ್ಯ ಮಾಡಿ: ‘ಪೆನ್ಸಿಲ್ ಮೊನೆಯ ಸೂಜಿ ಸಿಗುತ್ತದೆಯೇ?’ ಹಳೆಯ ಮಾದರಿಯದು ಪೊರೆಯನ್ನು ಕತ್ತರಿಸುತ್ತದೆ, ಇದು ಎಳೆಗಳನ್ನು ಸರಿಸಿಕೊಂಡು ಹೋಗುತ್ತದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಹಳೆಯ ಸೂಜಿಯಿಂದ ನೂರರಲ್ಲಿ ಸುಮಾರು 11 ಜನರಿಗೆ ತಲೆನೋವು ಬಂದಿದ್ದರೆ, ಪೆನ್ಸಿಲ್ ಮೊನೆಯಿಂದ ಸುಮಾರು 4 ಜನರಿಗೆ ಮಾತ್ರ. ಸೂಜಿ ಸ್ವಲ್ಪ ದುಬಾರಿಯಾದರೂ ತಂದುಕೊಡಿ.

ಹಂತ 5: ಕೊಳವೆಯ ಪ್ರಯಾಣ

ನನ್ನ ಗಂಟಲು ಒಣಗುವುದು ಇಲ್ಲೇ. ಅಮಿಲಾಯ್ಡ್ ಬೀಟಾ 42 ಹಲಸಿನ ಮೇಣದ ಜಾತಿಗೆ ಸೇರಿದ್ದು, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಗಾಜು ಮತ್ತು ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅದಕ್ಕೆ ಬಲು ಪ್ರಿಯ. ಅಂಟಿದಷ್ಟು ಪ್ರೋಟೀನ್ ಗೋಡೆಯಲ್ಲೇ ಉಳಿದು, ಯಂತ್ರಕ್ಕೆ ಸಿಗುವುದು ಕಡಿಮೆಯಾಗುತ್ತದೆ. 42 ಕಡಿಮೆ ಎಂದರೆ ಕಾಯಿಲೆ ಎಂದು ಆಗಲೇ ಹೇಳಿದೆನಲ್ಲ. ಅಂದರೆ ತಪ್ಪು ಕೊಳವೆ ಆರೋಗ್ಯವಂತನನ್ನೂ ರೋಗಿಯಾಗಿಸಬಲ್ಲದು. ಹಿಂದೊಮ್ಮೆ ನನ್ನ ಮೇಜಿಗೆ ಗಾಜಿನ ಬಾಟಲಿಯಲ್ಲಿ ಬಂದ ಮಾದರಿಯನ್ನು ಹಿಂದಿರುಗಿಸಿ, ಮನೆಯವರಿಂದ ಬೈಸಿಕೊಂಡಿದ್ದೇನೆ. ಇವತ್ತಾದರೂ ಹಿಂದಿರುಗಿಸುತ್ತೇನೆ.

ಕ್ರಮ ಹೀಗಿರಲಿ:

1. ಪ್ರೋಟೀನ್ ಅಂಟದಂತೆ ತಯಾರಿಸಿದ ಪಾಲಿಪ್ರೊಪಿಲೀನ್ ಕೊಳವೆಯನ್ನು ಅಳೆಯುವ ಲ್ಯಾಬಿನಿಂದಲೇ ತರಿಸಿಕೊಳ್ಳಿ. ಮುಚ್ಚಳದ ಬಣ್ಣ ನೋಡಿ ಮೋಸಹೋಗಬೇಡಿ.

2. ಮೊದಲ ಒಂದೆರಡು ಮಿಲಿಲೀಟರ್ ಬೇರೆ ಕೊಳವೆಗೆ. ಅದರಲ್ಲಿ ಸೂಜಿಯ ದಾರಿಯ ರಕ್ತ ಬೆರೆತಿರಬಹುದು. ಜೀವಕೋಶ, ಸಕ್ಕರೆ, ಪ್ರೋಟೀನ್‌ಗಳ ಸಾಮಾನ್ಯ ಪರೀಕ್ಷೆಯನ್ನು ಅದೇ ಆಸ್ಪತ್ರೆಯಲ್ಲಿ ತಕ್ಷಣ ಮಾಡಿಸಬೇಕು, ಏಕೆಂದರೆ ಜೀವಕೋಶಗಳು ಒಂದೆರಡು ಗಂಟೆಯಲ್ಲೇ ಒಡೆಯುತ್ತವೆ.

3. ತಿಳಿಯಾದ ನೀರು ಸೂಜಿಯಿಂದ ನೇರವಾಗಿ ಕೊಳವೆಗೆ ತೊಟ್ಟಿಕ್ಕಬೇಕು. ಸಿರಿಂಜಿನಿಂದ ಎಳೆದು ತುಂಬುವುದು ಬೇಡ. ಅರ್ಧಕ್ಕಿಂತ ಹೆಚ್ಚು ತುಂಬಿರಲಿ. ನೀರು ಕಡಿಮೆಯಾದಷ್ಟೂ ಗೋಡೆಯ ಪಾಲು ಹೆಚ್ಚು.

4. ಒಂದು ಕೊಳವೆಯಿಂದ ಇನ್ನೊಂದಕ್ಕೆ ಸುರಿಯಬೇಡಿ. ಪ್ರತಿ ಸುರಿತದಲ್ಲೂ ಸ್ವಲ್ಪ ಅಂಟಿ ಕಳೆದುಹೋಗುತ್ತದೆ.

5. ಕೊಳವೆ ನೆಟ್ಟಗೆ ನಿಂತೇ ಪ್ರಯಾಣ ಮಾಡಲಿ. ಹೆಸರು, ದಿನಾಂಕ, ತೆಗೆದ ಗಂಟೆಯನ್ನು ಅಳಿಯದ ಶಾಯಿಯಲ್ಲಿ ಬರೆಸಿ.

6. ತಂಪು ಎಷ್ಟು, ಎಷ್ಟು ದಿನ ಎಂಬುದಕ್ಕೆ ಆ ಲ್ಯಾಬಿನ ಲಿಖಿತ ಸೂಚನೆಯೇ ಅಂತಿಮ. ‘ಐಸ್ ಹಾಕಿದರೆ ಸುರಕ್ಷಿತ’ ಎಂದುಕೊಂಡು ಮೀನಿನ ಗಾಡಿಯ ಥರ್ಮಾಕೋಲ್ ಡಬ್ಬಿಯಲ್ಲಿ ಐಸಿನ ನಡುವೆ ಹೂತು ಕಳಿಸಬೇಡಿ. ಅರೆ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುವುದೇ ಮಾದರಿಗೆ ಎಲ್ಲಕ್ಕಿಂತ ಕೆಟ್ಟದ್ದು. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋಗಿ ಬರುವ ಊರಿನ ಫ್ರಿಜ್ ಮಾಡುವುದೂ ಅದನ್ನೇ.

7. ಸೋಮವಾರದಿಂದ ಬುಧವಾರದೊಳಗೆ ತೆಗೆಸಿ. ಶನಿವಾರ ಹೊರಟ ಮಾದರಿ ಭಾನುವಾರವಿಡೀ ಯಾವುದೋ ಗೋದಾಮಿನಲ್ಲಿ ಕೂತಿರುತ್ತದೆ. ಬಸ್ಸಿನ ಪಾರ್ಸೆಲ್‌ಗೆ ಹಾಕುವ ಯೋಚನೆ ಬೇಡವೇ ಬೇಡ. ಅದು ಅಡಿಕೆ ಮೂಟೆಗೆ ಸರಿ.

ಹಂತ 6: ಮನೆಗೆ ಬಂದ ಮೇಲೆ

ಅಂದೇ ಘಾಟಿಯ ತಿರುವುಗಳಲ್ಲಿ ಕೂರಿಸಿಕೊಂಡು ಬರಬೇಡಿ. ಒಂದು ರಾತ್ರಿ ಹತ್ತಿರದಲ್ಲೇ ಉಳಿಯಿರಿ. ದಿನವಿಡೀ ಚಪ್ಪಟೆ ಮಲಗಿಸಿದರೆ ತಲೆನೋವು ಬರುವುದಿಲ್ಲ ಎಂಬುದು ಹಳೆಯ ನಂಬಿಕೆ, ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ. ಕೂತರೆ ಏರಿ, ಮಲಗಿದರೆ ಇಳಿಯುವ ತಲೆನೋವು ಐದು ದಿನದೊಳಗೆ ಬರಬಹುದು. ವಯಸ್ಸಾದವರಲ್ಲಿ ಇದು ಕಡಿಮೆ. ನೀರು, ವಿಶ್ರಾಂತಿ, ನೋವಿನ ಮಾತ್ರೆಯಿಂದ ಬಹುತೇಕ ತಾನಾಗಿ ಹೋಗುತ್ತದೆ. ಕಾಫಿಯೂ ಸ್ವಲ್ಪ ನೆರವಾಗುತ್ತದೆ. ಚಿಕ್ಕಮಗಳೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಗದಿದ್ದರೆ ರೋಗಿಯದೇ ರಕ್ತವನ್ನು ಆ ಜಾಗದಲ್ಲಿ ಚುಚ್ಚಿ ರಂಧ್ರ ಮುಚ್ಚುವ ಚಿಕಿತ್ಸೆಯಿದೆ.

ಜ್ವರ, ಕತ್ತು ಬಿಗಿತ, ಹೆಚ್ಚುತ್ತಲೇ ಹೋಗುವ ಬೆನ್ನುನೋವು, ಕಾಲಿನ ಶಕ್ತಿ ಕುಂದುವುದು, ಮೂತ್ರ ಕಟ್ಟುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಹಂತ 7: ವರದಿ ಓದುವುದು

ಪಕ್ಕದ ಮನೆಯವರ ವರದಿಯೊಂದಿಗೆ ಹೋಲಿಸಬೇಡಿ. ಒಂದೊಂದು ಯಂತ್ರಕ್ಕೆ ಒಂದೊಂದು ಗಡಿರೇಖೆ. ಉದಾಹರಣೆಗೆ, 2022ರ ಮೇ ತಿಂಗಳಲ್ಲಿ ಅಮೆರಿಕದ ಅನುಮತಿ ಪಡೆದ ಲುಮಿಪಲ್ಸ್ ಯಂತ್ರದ 42/40 ಅನುಪಾತದಲ್ಲಿ 0.058 ಅಥವಾ ಕಡಿಮೆಯಾದರೆ ಅಮಿಲಾಯ್ಡ್ ಇದೆ, 0.073 ಅಥವಾ ಹೆಚ್ಚಾದರೆ ಇಲ್ಲ, ನಡುವಿನದು ‘ಇರುವ ಸಾಧ್ಯತೆ’ ಎಂದು ಲೆಕ್ಕ. ಇವೇ ಅಂಕಿಗಳನ್ನು ಬೇರೆ ಕಂಪನಿಯ ಯಂತ್ರದ ವರದಿಗೆ ಹಚ್ಚಿದರೆ ಲೆಕ್ಕ ತಲೆಕೆಳಗು.

ಅನುಪಾತ ಇಳಿದು ಪಿ-ಟೌ ಏರಿದ್ದರೆ ಆಲ್‌ಝೈಮರ್ ಪ್ರಕ್ರಿಯೆ ನಡೆಯುತ್ತಿದೆ ಎಂಬುದಕ್ಕೆ ಬಲವಾದ ಆಧಾರ. ಎರಡೂ ಸರಿಯಿದ್ದರೆ ಮರೆವಿಗೆ ಬೇರೆ ಕಾರಣ ಹುಡುಕಬೇಕು. ನನ್ನ ಪ್ರಕಾರ ಈ ಪರೀಕ್ಷೆಯ ದೊಡ್ಡ ಉಪಕಾರ ಈ ಎರಡನೆಯದೇ. ಅನುಪಾತ ಸರಿಯಿದ್ದು ಎನ್‌ಎಫ್‌ಎಲ್ ಮಾತ್ರ ಏರಿದ್ದರೆ ಜಂತಿಯ ಹುಡಿಯನ್ನು ನೆನಪಿಸಿಕೊಳ್ಳಿ. ಅನುಪಾತ ಮಾತ್ರ ಇಳಿದಿದ್ದರೆ? ಗಾಬರಿ ಬೇಡ. ನೆನಪು ಚೆನ್ನಾಗಿರುವವರಲ್ಲೂ ಅಮಿಲಾಯ್ಡ್ ಸಿಗುತ್ತದೆ: 50ರ ವಯಸ್ಸಿನಲ್ಲಿ ನೂರಕ್ಕೆ ಸುಮಾರು 10 ಜನರಲ್ಲಿ, 90ರ ಹೊತ್ತಿಗೆ ಸುಮಾರು 44 ಜನರಲ್ಲಿ ಎಂದು 2015ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ಅಂದಾಜಿಸಿದೆ. ಎಂಬತ್ತರವರ ವರದಿಯಲ್ಲಿ ‘ಪಾಸಿಟಿವ್’ ಎಂದಿದ್ದಾಕ್ಷಣ ಮರೆವಿಗೆ ಅದೊಂದೇ ಕಾರಣ ಎನ್ನಲಾಗದು. ಕಾಯಿಲೆ ಎಷ್ಟು ಮುಂದುವರಿದಿದೆ, ಇನ್ನೆಷ್ಟು ವರ್ಷ ಎಂಬುದನ್ನೂ ಈ ಸಂಖ್ಯೆಗಳು ಹೇಳುವುದಿಲ್ಲ.

‘ರಕ್ತದಲ್ಲೇ ಆಗುತ್ತದಂತೆ?’

ಆಗುತ್ತದೆ. ರಕ್ತದ ಪಿ-ಟೌ 217 ಕುರಿತ ಭರವಸೆ ದೊಡ್ಡದು. ಅದನ್ನು ಅಮಿಲಾಯ್ಡ್ 42ರೊಂದಿಗೆ ಹೋಲಿಸುವ ರಕ್ತಪರೀಕ್ಷೆಯೊಂದಕ್ಕೆ 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಸಂದೇಹವಿಲ್ಲದ ಫಲಿತಾಂಶ ಬಂದರೆ ಬೆನ್ನಿನ ಸೂಜಿ ತಪ್ಪಬಹುದು; ನಡುವಿನ ವಲಯದಲ್ಲಿ ಬಂದವರಿಗೆ ಬೆನ್ನಿನ ನೀರೋ, ಮೆದುಳಿನ ಅಮಿಲಾಯ್ಡನ್ನು ಚಿತ್ರದಲ್ಲಿ ತೋರಿಸುವ ಪೆಟ್ ಸ್ಕ್ಯಾನೋ ಬೇಕಾಗುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ರಕ್ತದ ಪಿ-ಟೌ, ಎನ್‌ಎಫ್‌ಎಲ್ ಎರಡೂ ಸುಮ್ಮನೆ ಏರುತ್ತವೆ, ಆದ್ದರಿಂದ ಕ್ರಿಯಾಟಿನಿನ್ ವರದಿಯನ್ನು ಜೊತೆಗೊಯ್ಯಿರಿ. ಇದಕ್ಕೂ ಲಕ್ಷಣವಿರುವವರು, ತಜ್ಞರ ಚೀಟಿಯ ಮೇಲೆಯೇ ಹೋಗಬೇಕು.

ಕೊನೆಗೆ, ಕಡತದ ಮಾತು. ವರದಿಯ ಜೊತೆ ಯಂತ್ರದ ಹೆಸರು, ವಿಧಾನ, ಗಡಿರೇಖೆ, ನೀರು ತೆಗೆದ ದಿನಾಂಕ ಮತ್ತು ಗಂಟೆ, ಕೊಳವೆಯ ವಿಧ ಇವನ್ನು ಬರೆಸಿಕೊಳ್ಳಿ. ಎಂಆರ್‌ಐ ಸಿಡಿಯನ್ನೂ ಅದೇ ಕಡತದಲ್ಲಿಡಿ. ಮುಂದೆ ಇನ್ನೊಬ್ಬ ವೈದ್ಯರು ‘ಮತ್ತೊಮ್ಮೆ ನೀರು ತೆಗೆಸೋಣ’ ಎಂದಾಗ ಮೊದಲು ಈ ಹಾಳೆಯನ್ನು ಅವರ ಮುಂದಿಡಿ. ಅದರಲ್ಲಿ ‘ಗಾಜು’ ಎಂದು ಬರೆದಿದ್ದರೆ ಮಾತ್ರ, ಹೌದು, ಮತ್ತೊಮ್ಮೆ ತೆಗೆಸಿ.